ಹೊಗೆ ಹೋದ ದಾರಿ

ಕೋಟೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಕೆರೆ ಕಟ್ಟಿಸಿದವರದೂ ಹಲವು ಕಡೆ ಉಳಿದಿದೆ. ಒಲೆ ಹಾಕಿದವರ ಹೆಸರು ಮಾತ್ರ ಎಲ್ಲಿಯೂ ಸಿಗದು. ಹಾಗೆಂದು ಒಲೆಗೆ ಚರಿತ್ರೆಯೇ ಇಲ್ಲವೆಂದು ತಿಳಿಯಬೇಡಿ. ಹುಳಿಯಾರು ಸೀಮೆಯ ಯಾವುದಾದರೂ ಹಳೆಯ ಹೆಂಚಿನ ಮನೆಯ ಅಡಿಗೆಮನೆಯಲ್ಲಿ ನಿಂತು ತಲೆ ಎತ್ತಿ ನೋಡಿ. ಜಂತೆಗಳು ಕರಿ ಹಿಡಿದು ಮಿರುಗುತ್ತಿರುತ್ತವೆ. ಹೆಂಚಿನ ಸಂದಿಯಲ್ಲಿ ಇಲ್ಲಣ ಜೋತುಬಿದ್ದಿರುತ್ತದೆ. ಎರಡು ಮೂರು ತಲೆಮಾರಿನ ಅಡಿಗೆಯ ದಾಖಲೆ ಅಲ್ಲಿದೆ. ಜಂತೆಗೆ ಹತ್ತಿದ ಅದೇ ಹೊಗೆ ಒಲೆಯ ಮುಂದೆ ಕುಳಿತ ಹೆಂಗಸಿನ ಕಣ್ಣಿಗೂ ಎದೆಗೂ ಹೋಗಿದೆ. ಆಕೆಯ ಸೆರಗು ಹಿಡಿದು ಕೂತ ಮಗುವಿಗೂ ಹೋಗಿದೆ. ಆ ಹೊಗೆಗೊಂದು ದಾರಿ ಮಾಡಿಕೊಡಬೇಕೆಂದು ನಮ್ಮ ದೇಶದಲ್ಲಿ ಕಳೆದ ಮುಕ್ಕಾಲು ಶತಮಾನದಿಂದ ನಡೆದ ಪ್ರಯತ್ನಗಳಲ್ಲಿ ಒಂದು ಮುಖ್ಯ ಅಧ್ಯಾಯ ನಡೆದದ್ದು ತುಮಕೂರು ಜಿಲ್ಲೆಯಲ್ಲಿಯೇ. ಅದರ ಕಥೆಯನ್ನು ಇಲ್ಲಿ ನೋಡೋಣ.

ಮೊದಲು ಹಳೆಯ ಒಲೆಯನ್ನು ಗಮನಿಸಬೇಕು. ಮೂರು ಗುಂಡುಕಲ್ಲಿಟ್ಟು ನಡುವೆ ಬೆಂಕಿ ಹಾಕುವುದು ಅತಿ ಹಳೆಯ ವಿಧಾನ. ಜಾತ್ರೆಯಲ್ಲಿ, ಹೊಲದ ಬದುವಿನಲ್ಲಿ, ಕುರಿಹಟ್ಟಿಯ ಬಳಿ ಇಂದಿಗೂ ಅದೇ ಒಲೆ. ಮನೆಯೊಳಗಿನದು ಮಣ್ಣಿನಿಂದ ಮೆತ್ತಿದ ಒಲೆ. ಅದರ ಪಕ್ಕಕ್ಕೆ ಒಂದು ಕಿಂಡಿ ತೆಗೆದು ಇನ್ನೊಂದು ಪಾತ್ರೆ ಕೂರುವಂತೆ ಮಾಡಿದರೆ ಅದು ಕೋಡೊಲೆ. ಮುಖ್ಯ ಒಲೆಯ ಮೇಲೆ ಹಿಟ್ಟಿಗೆ ಎಸರು ಕುದಿಯುತ್ತಿದ್ದರೆ ಕೋಡೊಲೆಯ ಮೇಲೆ ಸಾರು ಬಿಸಿಯಾಗಿರುತ್ತಿತ್ತು. ಕೋಡೊಲೆಯನ್ನು ಮೊದಲು ಕಂಡುಹಿಡಿದವರು ಯಾರೋ ತಿಳಿಯದು. ಆದರೆ ವ್ಯರ್ಥವಾಗಿ ಹೋಗುವ ಬಿಸಿಗಾಳಿಯನ್ನು ಇನ್ನೊಂದು ಪಾತ್ರೆಯ ಕೆಳಗೆ ಹಾಯಿಸಬೇಕೆಂಬ ವಿಚಾರ ಅದರಲ್ಲಿ ಆಗಲೇ ಇತ್ತು. ಬೆಳಿಗ್ಗೆ ಎದ್ದು ಬೂದಿ ತೆಗೆದು, ಸಗಣಿ ಮಣ್ಣಿನಿಂದ ಒಲೆ ಸಾರಿಸಿ, ಅಂಚಿಗೆ ಕೆಮ್ಮಣ್ಣು ಬಳಿದು, ರಂಗೋಲಿಯ ಒಂದು ಎಳೆ ಹಾಕಿದ ಮೇಲೆಯೇ ಬೆಂಕಿ. ಇದನ್ನು ನಾವು ಆಚಾರವೆಂದು ಕರೆಯುತ್ತೇವೆ. ದಿನವೂ ಮಣ್ಣು ಬಳಿಯುವುದರಿಂದ ಹಿಂದಿನ ದಿನದ ಬಿರುಕು ಮುಚ್ಚುತ್ತಿತ್ತು ಎಂಬುದನ್ನು ನೆನೆದರೆ, ಆಚಾರದೊಳಗೆ ದುರಸ್ತಿಯೂ ಇತ್ತೆನ್ನಬೇಕು.

ಇನ್ನು ಉರುವಲು. ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಈ ಭಾಗವೆಲ್ಲ ತೆಂಗಿನ ಸೀಮೆ. ಒಂದು ತೆಂಗಿನ ಮರ ವರ್ಷಕ್ಕೆ ಸುಮಾರು ಹನ್ನೆರಡು ಗರಿ ಉದುರಿಸುತ್ತದೆ, ಅಂದರೆ ತಿಂಗಳಿಗೊಂದು. ನೂರು ಮರದ ತೋಟವಿದ್ದವರಿಗೆ ವರ್ಷಕ್ಕೆ ಸಾವಿರದ ಇನ್ನೂರು ಗರಿ ಕೂತಲ್ಲಿಗೆ ಬಂದು ಬೀಳುತ್ತವೆ. ಜೊತೆಗೆ ಹೊಂಬಾಳೆ, ಕಾಯಿಮಟ್ಟೆ, ಕರಟ. ಈ ಸೀಮೆಯ ಉಂಡೆ ಕೊಬ್ಬರಿಗೆ ಕಾಯಿಯನ್ನು ಮಟ್ಟೆಸಹಿತ ಅಟ್ಟದ ಮೇಲೆ ಹಲವು ತಿಂಗಳು ಒಣಗಲು ಬಿಟ್ಟು, ಆಮೇಲೆ ಸುಲಿದು ಒಡೆಯುತ್ತಾರೆ. ಹೀಗಾಗಿ ಚೆನ್ನಾಗಿ ಒಣಗಿದ ಮಟ್ಟೆ ಮತ್ತು ಕರಟ ಮನೆಯಂಗಳದಲ್ಲೇ ರಾಶಿ ಬೀಳುತ್ತಿತ್ತು. ಇವುಗಳ ಸ್ವಭಾವ ಬೇರೆ ಬೇರೆ. ಗರಿ ಭಗ್ಗನೆ ಹತ್ತಿ ಬೇಗ ಮುಗಿಯುತ್ತದೆ. ಮಟ್ಟೆ ನಿಧಾನವಾಗಿ ಕನಲುತ್ತದೆ, ಹೊಗೆ ಬಹಳ. ಕರಟಕ್ಕೆ ಕಾವು ಹೆಚ್ಚು, ಕೆಂಡ ಗಟ್ಟಿ. ಅನುಭವಸ್ಥ ಗೃಹಿಣಿ ಹೊಂಬಾಳೆಯ ಸೀಳಿನಿಂದ ಬೆಂಕಿ ಹಚ್ಚಿ, ಗರಿಯಿಂದ ಎಸರು ಕಾಯಿಸಿ, ಮಟ್ಟೆಯ ಕಾವಿನಲ್ಲಿ ಹಿಟ್ಟು ಬೇಯಿಸುತ್ತಿದ್ದಳು. ಇದು ಯಾವ ಪಠ್ಯಪುಸ್ತಕದಲ್ಲಿಯೂ ಬರೆಯದೆ ಉಳಿದ ದಹನಶಾಸ್ತ್ರ.

ಆದರೆ ಎಲ್ಲರಿಗೂ ತೋಟವಿರಲಿಲ್ಲ. ಭೂಮಿಯಿಲ್ಲದ ಮನೆಯವರು ಬಿದ್ದ ಗರಿಯನ್ನು ಎತ್ತಲೂ ಇನ್ನೊಬ್ಬರ ಅನುಮತಿ ಕೇಳಬೇಕಿತ್ತು. ಇಲ್ಲವಾದರೆ ಕೆರೆಯಂಗಳದ ಜಾಲಿ, ಬೇಲಿಯ ಲಂಟಾನ, ಗುಡ್ಡದ ಪುರುಳೆ. ತೆಂಗಿನ ಸೀಮೆಯಲ್ಲಿ ಸೌದೆಗೆ ಬರವಿಲ್ಲವೆಂಬ ಮಾತು ಅರ್ಧ ಸತ್ಯ. ತೋಟದ ಬೇಲಿಯ ಒಳಗೆ ಅದು ನಿಜ, ಹೊರಗೆ ಸುಳ್ಳು.

ಹೊಗೆಗೂ ಉಪಯೋಗವಿತ್ತೆಂಬುದನ್ನು ಮರೆಯಬಾರದು. ಸೋಗೆ ಹೊದಿಸಿದ ಸೂರಿಗೆ ಹುಳು ಬೀಳದಂತೆ ಅದು ತಡೆಯುತ್ತಿತ್ತು. ಜಂತೆಗೆ ಗೆದ್ದಲು ಹತ್ತುತ್ತಿರಲಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಕಟ್ಟಿಟ್ಟ ಬಿತ್ತನೆಯ ಕಾಳು ಹುಳು ಹಿಡಿಯದೆ ಉಳಿಯುತ್ತಿತ್ತು. ಹೊಗೆಯನ್ನು ಹೊರಗಟ್ಟಲು ಹೊರಟ ವಿಜ್ಞಾನಿಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿ ಬಂದದ್ದು ನಂತರದ ಮಾತು.

ಹೊಗೆಯಿಲ್ಲದ ಒಲೆಯ ಯೋಚನೆ ಮೊದಲು ಬಂದದ್ದು ಗ್ರಾಮೋದ್ಯೋಗದ ಚಳವಳಿಯಿಂದ. ವಾರ್ಧಾದ ಮಗನ್‌ವಾಡಿಯಲ್ಲಿ 1940ರ ದಶಕದಲ್ಲಿ ರೂಪುಗೊಂಡ ಒಲೆಗೆ ಮಗನ್ ಚೂಲಾ ಎಂದೇ ಹೆಸರಾಯಿತು. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ಎಸ್. ಪಿ. ರಾಜು ಎಂಬ ಎಂಜಿನಿಯರು ಇನ್ನೊಂದು ಮಾದರಿ ಮಾಡಿ, ಬಡವರ ಅಡಿಗೆಮನೆಯನ್ನು ಹೊಗೆಯಿಂದ ಬಿಡಿಸುವ ವಿಷಯವಾಗಿ 1953ರಲ್ಲಿ ಒಂದು ಕಿರುಪುಸ್ತಕವನ್ನೇ ಪ್ರಕಟಿಸಿದರು. ಇವರ ಗಮನವೆಲ್ಲ ಹೆಂಗಸರ ಆರೋಗ್ಯದ ಮೇಲಿತ್ತು. ಸೌದೆಯ ಉಳಿತಾಯದ ಪ್ರಶ್ನೆ ದೊಡ್ಡದಾದದ್ದು ಇನ್ನೂ ಇಪ್ಪತ್ತು ವರ್ಷದ ನಂತರ, 1973ರಲ್ಲಿ ಪೆಟ್ರೋಲಿಯಂ ಬೆಲೆ ಒಮ್ಮೆಗೇ ಏರಿದಾಗ. ಸೀಮೆಎಣ್ಣೆ ದುಬಾರಿಯಾದರೆ ಬಡವರು ಮತ್ತೆ ಸೌದೆಗೆ ಹೋಗಬೇಕು, ಸೌದೆ ಎಲ್ಲಿದೆ? ಎರಿಕ್ ಎಕ್‌ಹೋಮ್ ಎಂಬ ಅಮೆರಿಕದ ಲೇಖಕ 1975ರಲ್ಲಿ ಸೌದೆಯ ಅಭಾವವನ್ನು ‘ಇನ್ನೊಂದು ಇಂಧನ ಬಿಕ್ಕಟ್ಟು’ ಎಂದು ಕರೆದು ಲೋಕದ ಗಮನ ಸೆಳೆದನು.

ಈ ಕಾಲದಲ್ಲಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ತಮ್ಮ ದಾರಿ ಬದಲಾಯಿಸಿದರು. ಅವರು ವಿದ್ಯುತ್ ರಸಾಯನಶಾಸ್ತ್ರದಲ್ಲಿ ಜಗತ್ತಿನಾದ್ಯಂತ ಹೆಸರು ಮಾಡಿದ್ದವರು. ಬಾಕ್ರಿಸ್ ಅವರೊಡನೆ ಬರೆದ ಅವರ ಪಠ್ಯಗ್ರಂಥವನ್ನು ಇಂದಿಗೂ ಓದುತ್ತಾರೆ. ಇಂಥವರು 1974ರಲ್ಲಿ ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವ ಒಂದು ಘಟಕವನ್ನು ಆರಂಭಿಸಿದರು. ಅದರ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿದರೆ ‘ಅಸ್ತ್ರ’. ಪ್ರಯೋಗಾಲಯ ಬೆಂಗಳೂರಿನಲ್ಲಿದ್ದರೆ ಸಾಲದು, ಹಳ್ಳಿಯಲ್ಲೂ ಇರಬೇಕೆಂದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರವನ್ನು ತೆರೆದರು. ಹುಳಿಯಾರು ಇರುವ ಜಿಲ್ಲೆಯೇ ಅದು.

ಅವರು ಮಾಡಿದ ಮೊದಲ ಕೆಲಸ ಒಲೆ ಕಟ್ಟುವುದಲ್ಲ, ಲೆಕ್ಕ ಹಾಕುವುದು. ಉಂಗ್ರದ ಸುತ್ತಲಿನ ಆರು ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆಂದು ಮನೆಮನೆಗೆ ಹೋಗಿ ಅಳೆದರು. ಸುಮಾರು 350 ಜನರಿದ್ದ ಪುರ ಎಂಬ ಸಣ್ಣ ಹಳ್ಳಿಯ ಲೆಕ್ಕ ಪ್ರಸಿದ್ಧವಾಗಿದೆ. ಅಲ್ಲಿ ತಲೆಗೆ ವರ್ಷಕ್ಕೆ ಆರು ಕ್ವಿಂಟಾಲಿನಷ್ಟು ಸೌದೆ ಉರಿಯುತ್ತಿತ್ತು. ಹಳ್ಳಿ ಬಳಸುವ ಇಂಧನದಲ್ಲಿ ಸೌದೆಯದೇ ಸಿಂಹಪಾಲು; ಸೀಮೆಎಣ್ಣೆ, ವಿದ್ಯುತ್ತು ಎಲ್ಲ ಸೇರಿದರೂ ಅದರ ಹತ್ತಿರ ಬರುತ್ತಿರಲಿಲ್ಲ. ಆ ಸೌದೆಗಾಗಿ ಒಂದು ಮನೆಯವರು ದಿನಕ್ಕೆ ಸುಮಾರು ಐದು ಕಿಲೋಮೀಟರು ನಡೆದು, ಎರಡೂವರೆ ಗಂಟೆ ಕಳೆದು, ಹತ್ತು ಕಿಲೋ ತರುತ್ತಿದ್ದರು. ತರುತ್ತಿದ್ದವರಲ್ಲಿ ಹೆಂಗಸರು ಮಕ್ಕಳು ಬಹಳ. ಶಾಲೆಗೆ ಹೋಗಬೇಕಾದ ಹುಡುಗಿ ಪುರುಳೆ ಆರಿಸಲು ಹೋಗುತ್ತಿದ್ದಾಳೆಂಬುದು ಇಂಧನದ ಲೆಕ್ಕದಲ್ಲಿ ಮೊದಲ ಸಲ ಅಂಕಿಯಾಗಿ ಕಂಡಿತು. ಇನ್ನೊಂದು ಸಂಗತಿ: ಹಳ್ಳಿಯವರು ಉರಿಸುತ್ತಿದ್ದದ್ದು ಹೆಚ್ಚಾಗಿ ಒಣಕಡ್ಡಿ, ಸಣ್ಣ ಕೊಂಬೆ. ಲಾರಿಗಳಲ್ಲಿ ದೂರದಿಂದ ದಿಮ್ಮಿ ಬರುತ್ತಿದ್ದದ್ದು ಬೆಂಗಳೂರಿಗೆ. ಈ ನಗರದ ಸೌದೆ ವ್ಯಾಪಾರದ ಅಧ್ಯಯನವನ್ನೂ ರೆಡ್ಡಿಯವರು ಸುಧಾಕರ ರೆಡ್ಡಿಯವರೊಡನೆ 1983ರಲ್ಲಿ ಪ್ರಕಟಿಸಿದರು. ಕಾಡು ಹಾಳಾಯಿತೆಂದು ಹಳ್ಳಿಯ ಒಲೆಯನ್ನು ಬೈಯುವ ಮೊದಲು ಇದನ್ನು ಓದಬೇಕು.

ಒಲೆಯ ದಕ್ಷತೆ ಎಂದರೇನು? ನೀವೇ ಲೆಕ್ಕ ಹಾಕಬಹುದು. ಬಿಸಿಲಲ್ಲಿ ಒಣಗಿಸಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 3500 ಕಿಲೋ ಕ್ಯಾಲೊರಿ ಶಾಖವಿದೆ. ಐದು ಲೀಟರು ನೀರನ್ನು 25 ಡಿಗ್ರಿಯಿಂದ ಕುದಿಸಬೇಕು. ನಮ್ಮ ಎತ್ತರದ ಬಯಲುಸೀಮೆಯಲ್ಲಿ ನೀರು 100 ಡಿಗ್ರಿ ತಲುಪುವ ಮೊದಲೇ ಕುದಿಯುತ್ತದೆ, 97 ಎಂದಿಟ್ಟುಕೊಳ್ಳಿ. ಅದಕ್ಕೆ ಬೇಕಾದದ್ದು 360 ಕಿಲೋ ಕ್ಯಾಲೊರಿ. ಒಂದು ಕಿಲೋ ಸೌದೆ ಮುಗಿದಿದ್ದರೆ ನೀರಿಗೆ ಹೋದದ್ದು ನೂರಕ್ಕೆ ಹತ್ತು ಭಾಗ; ಉಳಿದ ತೊಂಬತ್ತು ಗೋಡೆಗೆ, ಗಾಳಿಗೆ, ಹೊಗೆಗೆ. ಹಳೆಯ ಒಲೆಗಳ ದಕ್ಷತೆ ಇದೇ ಹತ್ತರ ಸುತ್ತ. ಏಕೆ ಹೀಗೆ? ಸೌದೆ ಬಿಸಿಯಾದಾಗ ಮೊದಲು ಅದರ ತೇವ ಹೋಗುತ್ತದೆ, ನಂತರ ಉರಿಯಬಲ್ಲ ಅನಿಲಗಳು ಹೊರಡುತ್ತವೆ, ಕೊನೆಗೆ ಇದ್ದಿಲು ಉಳಿಯುತ್ತದೆ. ಆ ಅನಿಲಕ್ಕೆ ಸರಿಯಾದಷ್ಟು ಗಾಳಿ ಸಿಕ್ಕಿದರೆ ಜ್ವಾಲೆ, ಸಿಗದಿದ್ದರೆ ಹೊಗೆ. ಗಾಳಿ ಅತಿಯಾದರೂ ಕಷ್ಟ, ಅದು ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ತೆರೆದ ಬಾಯಿಯ ಒಲೆಯಲ್ಲಿ ಈ ಎರಡು ದೋಷವೂ ಒಟ್ಟಿಗೆ ಇರುತ್ತವೆ: ಬೇಕಾದ ಕಡೆ ಗಾಳಿ ಇಲ್ಲ, ಬೇಡದ ಕಡೆ ಬಹಳ. ಊದುಗೊಳವೆ ಹಿಡಿದ ತಾಯಿ ಮಾಡುತ್ತಿದ್ದದ್ದು ಈ ಮೊದಲ ದೋಷದ ಪರಿಹಾರ. ಅದಕ್ಕೆ ಆಕೆ ತೆತ್ತ ಬೆಲೆ ಮುಖಕ್ಕೆ ಬಡಿಯುವ ಹೊಗೆ.

ಎಸ್. ಎಸ್. ಲೋಕ್ರಾಸ್, ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು 1980ರ ದಶಕದ ಆರಂಭದಲ್ಲಿ ರೂಪಿಸಿದ ಅಸ್ತ್ರ ಒಲೆ ಈ ತತ್ವಗಳ ಮೇಲೆ ನಿಂತದ್ದು. ಮೂರು ಪಾತ್ರೆ ಕೂರುವ ಮಣ್ಣಿನ ಒಲೆ. ಸೌದೆ ಕೂರಲು ಕೆಳಗೆ ಒಂದು ಜಾಲರಿ. ಗಾಳಿ ಅದರ ಕೆಳಗಿನಿಂದ ಅಳತೆಗೆ ತಕ್ಕಷ್ಟು ಬರುತ್ತದೆ. ಸೌದೆ ಹಾಕುವ ಬಾಯಿ ಚಿಕ್ಕದು, ಹಾಕಿದ ಮೇಲೆ ಮುಚ್ಚಬೇಕು. ಪಾತ್ರೆಗಳು ಒಲೆಯ ಮೇಲೆ ಕೂರುವ ಬದಲು ಒಳಕ್ಕೆ ಇಳಿದು ಕೂರುತ್ತವೆ, ಹೀಗಾಗಿ ಪಕ್ಕಕ್ಕೂ ಕಾವು ತಾಗುತ್ತದೆ. ಮೊದಲ ಪಾತ್ರೆಯನ್ನು ಕಾಯಿಸಿದ ಬಿಸಿ ಅನಿಲ ಎರಡನೆಯ, ಮೂರನೆಯ ಪಾತ್ರೆಯ ಕೆಳಗೆ ಹಾಯ್ದು ಹೊಗೆಕೊಳವೆಯಿಂದ ಸೂರಿನ ಮೇಲೆ ಹೋಗುತ್ತದೆ. ನಮ್ಮ ಕೋಡೊಲೆಯೇ ಗಣಿತ ಕಲಿತು ಬಂದಂತೆ! ಪ್ರಯೋಗಾಲಯದ ಅಳತೆಯಲ್ಲಿ ಇದರ ದಕ್ಷತೆ ನೂರಕ್ಕೆ ನಲವತ್ತರ ಆಸುಪಾಸಿಗೆ ಬಂದಿತು. ಸ್ನಾನದ ನೀರು ಕಾಯಿಸುವ ಹಂಡೆಗೂ ಇಂಥದೇ ಒಲೆ ಮಾಡಿದರು. ಇದು ಸಣ್ಣ ವಿಷಯವಲ್ಲ, ಏಕೆಂದರೆ ನಮ್ಮ ಸೀಮೆಯಲ್ಲಿ ಬಚ್ಚಲೊಲೆ ನುಂಗುವ ಸೌದೆ ಅಡಿಗೆ ಒಲೆಗೆ ಸರಿದೊರೆಯಾಗಿ ನಿಲ್ಲುತ್ತದೆ.

ಕೇಂದ್ರ ಸರ್ಕಾರ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೆತ್ತಿಕೊಂಡಿತು. ಕರ್ನಾಟಕದಲ್ಲಿ ಅಸ್ತ್ರ ಒಲೆಯನ್ನು ಹಳ್ಳಿಹಳ್ಳಿಗೆ ಒಯ್ಯುವ ಕೆಲಸದಲ್ಲಿ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಮುಂದಿತ್ತು. ಒಲೆ ಕಟ್ಟುವವರಿಗೆ ತರಬೇತಿ, ಕಟ್ಟಿದ ಒಲೆಗೆ ಇಷ್ಟೆಂದು ಕೂಲಿ, ಮನೆಯವರಿಗೆ ರಿಯಾಯಿತಿ ಎಂಬುದು ಈ ಕಾರ್ಯಕ್ರಮದ ಪದ್ಧತಿ. 2002ರಲ್ಲಿ ಕೇಂದ್ರದ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಹಾಕಲಾಗಿದೆ ಎಂದು ಲೆಕ್ಕ ಹೇಳಿತು. ಹಾಕಿದ್ದು ಎಷ್ಟು ಎಂಬ ಲೆಕ್ಕವಿತ್ತು. ಐದು ವರ್ಷದ ಮೇಲೆ ಅವುಗಳಲ್ಲಿ ಉರಿಯುತ್ತಿರುವುದೆಷ್ಟು ಎಂಬುದು ಗುರಿಯ ಪಟ್ಟಿಯಲ್ಲಿ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಗಂಟು ಇಲ್ಲಿದೆ.

ಒಲೆ ಬಿದ್ದುಹೋದದ್ದು ಹೇಗೆಂದು ತೆಂಗಿನ ಸೀಮೆಯ ಅಡಿಗೆಮನೆಯಲ್ಲಿಯೇ ನೋಡೋಣ. ಅಸ್ತ್ರ ಒಲೆಗೆ ಸೌದೆಯನ್ನು ಚಿಕ್ಕ ತುಂಡು ಮಾಡಿ ಹಾಕಬೇಕು, ಬಾಯಿ ಮುಚ್ಚಬೇಕು. ತೆಂಗಿನ ಗರಿಯ ದಿಂಡು ಆಳುದ್ದದ್ದು. ಹಳೆಯ ಒಲೆಗೆ ಅದರ ತುದಿಯನ್ನು ತೂರಿಸಿ, ಉರಿದಂತೆಲ್ಲ ಕಾಲಿನಿಂದ ಮುಂದಕ್ಕೆ ತಳ್ಳಿದರೆ ಆಯಿತು, ಕಡಿಯುವ ಕೆಲಸವಿಲ್ಲ. ಹೊಸ ಒಲೆಗೆ ದಿನವೂ ಮಚ್ಚು ಹಿಡಿದು ಕೂರಬೇಕು. ಉಳಿದದ್ದು ಸೌದೆ, ಹೆಚ್ಚಿದ್ದು ಹೆಂಗಸಿನ ಕೆಲಸ. ಸೌದೆಗೆ ಕಾಸು ಕೊಡದ ಮನೆಯಲ್ಲಿ ಈ ವ್ಯಾಪಾರ ಲಾಭವೆನಿಸುವುದಿಲ್ಲ. ಇನ್ನು ರಾಗಿ ಹಿಟ್ಟು. ಕವೆಗೋಲಿನಿಂದ ಪಾತ್ರೆಯನ್ನು ಒತ್ತಿ ಹಿಡಿದು, ಹಿಟ್ಟಿನ ಕೋಲಿನಿಂದ ಬಲವಾಗಿ ತೊಳಸುವ ಅಡಿಗೆ ಇದು. ಆ ನೂಕಿಗೆ ಮಣ್ಣಿನ ಕಂಠ ಬಿರುಕು ಬಿಡುತ್ತದೆ. ಕುಳಿಗಳ ಅಳತೆ ಒಂದು ಪಾತ್ರೆಗೆ ತಕ್ಕಂತೆ ಮಾಡಿದ್ದು. ಮಗಳ ಮದುವೆಯಾಗಿ ಮನೆಮಂದಿ ಕಡಿಮೆಯಾದರೆ ಪಾತ್ರೆ ಚಿಕ್ಕದಾಗುತ್ತದೆ, ಸಂದಿಯಿಂದ ಹೊಗೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹೊಗೆಕೊಳವೆ. ಮಟ್ಟೆಯ ಹೊಗೆಯಲ್ಲಿ ಮಸಿ ಬಹಳ, ಅದು ಕೊಳವೆಯ ಒಳಮೈಗೆ ಅಂಟಿ ದಾರಿಯನ್ನು ಕಿರಿದು ಮಾಡುತ್ತದೆ. ದಾರಿ ಕಟ್ಟಿದರೆ ಹೊಗೆ ಹಿಂದಕ್ಕೆ ತಿರುಗುತ್ತದೆ. ಆಗ ಮನೆಯಾಕೆ ಸೌದೆಯ ಬಾಯನ್ನು ಒಡೆದು ಅಗಲ ಮಾಡುತ್ತಾಳೆ. ಒಮ್ಮೆ ಒಡೆದರೆ ಅದು ಮತ್ತೆ ಹಳೆಯ ಒಲೆಯೇ. ಕೊಳವೆಯ ತುದಿ ಸೂರಿನ ಮೇಲಿದೆ. ಒಲೆ ಹೆಂಗಸರ ಪಾಲಿನದು, ಸೂರು ಹತ್ತುವುದು ಗಂಡಸರ ಪಾಲಿನದು. ತನ್ನದಲ್ಲದ ಕೆಲಸವೆಂದು ಇಬ್ಬರೂ ಬಿಟ್ಟದ್ದು ಆ ಮಸಿ. ಸರ್ಕಾರದ ಕಡತದಲ್ಲಿಯೂ ಅದನ್ನು ತೆಗೆಯುವವರ ಹೆಸರಿಗೆ ಅಂಕಣವಿರಲಿಲ್ಲ.

ಹಾಗಾದರೆ ಹೊಗೆಕೊಳವೆಯ ಒಲೆಯನ್ನು ಬಾಳಿಸುವುದು ಹೇಗೆ? ಇಂದಿಗೂ ಇಂಥ ಒಲೆ ಇರುವ ಮನೆಗಳಿಗೆ ಇದು ಬೇಕಾದ ವಿಷಯ. ಜಾಲರಿಯ ಕೆಳಗಿನ ಬೂದಿಯನ್ನು ದಿನವೂ ತೆಗೆಯಬೇಕು. ಬೂದಿ ತುಂಬಿದರೆ ಗಾಳಿ ಬಾರದು. ಉರುವಲು ಒಣಗಿರಬೇಕು. ಮಳೆಗಾಲಕ್ಕೆ ಮುಂಚೆಯೇ ಮಟ್ಟೆ, ದಿಂಡನ್ನು ಕೊಟ್ಟಿಗೆಯ ಮೂಲೆಗೆ ಸೇರಿಸಿಡುವ ಹಳೆಯ ರೂಢಿಗೆ ಕಾರಣವಿದೆ, ಏಕೆಂದರೆ ಹಸಿ ಸೌದೆಯ ಕಾವಿನಲ್ಲಿ ಒಂದು ಪಾಲು ಅದರ ನೀರನ್ನೇ ಆರಿಸಲು ಹೋಗುತ್ತದೆ. ಎರಡು ಕುಳಿಯಲ್ಲಿ ಮಾತ್ರ ಅಡಿಗೆಯಿದ್ದರೆ ಮೂರನೆಯದರಲ್ಲಿ ನೀರಿನ ಪಾತ್ರೆ ಇಡಬೇಕು, ಖಾಲಿ ಬಿಡಬಾರದು. ಸೌದೆಯನ್ನು ಒಟ್ಟಿಗೆ ತುರುಕದೆ ಸ್ವಲ್ಪಸ್ವಲ್ಪವಾಗಿ ಹಾಕಿದರೆ ಹೊಗೆ ಕಡಿಮೆ. ಬಿರುಕನ್ನು ಜೇಡಿಮಣ್ಣು, ಸಗಣಿ, ಹೊಟ್ಟು ಕಲಸಿ ಆಗಾಗಲೇ ಮೆತ್ತಬೇಕು. ಒಲೆ ತಣ್ಣಗಿರುವಾಗ ಬಿರುಕಿಗೆ ನೀರು ಚಿಮುಕಿಸಿ ಮೆತ್ತಿದರೆ ಹಿಡಿಯುತ್ತದೆ. ಕೊಳವೆಗೆ ಉದ್ದ ಗಳುವಿನ ತುದಿಗೆ ಗೋಣಿಚೂರು ಕಟ್ಟಿ, ಬೆಂಕಿ ಇಲ್ಲದ ಹೊತ್ತಿನಲ್ಲಿ ಮಸಿ ಇಳಿಸಬೇಕು. ತೆಂಗಿನ ಉರುವಲಿಗೆ ಇದನ್ನು ತಿಂಗಳಿಗೊಮ್ಮೆ ಮಾಡುವುದು ಲೇಸು. ಬೆಂಕಿಯಿದ್ದರೂ ಹೊಗೆ ಹಿಂದಕ್ಕೆ ಬರುತ್ತಿದ್ದರೆ ಮೊದಲು ಕೊಳವೆಯನ್ನು ನೋಡಬೇಕು, ಒಲೆಯ ಬಾಯಿಗೆ ಕೈ ಹಾಕಬಾರದು.

ಈ ನಿಗಾ ಎಷ್ಟು ದೊಡ್ಡ ವಿಷಯವೆಂಬುದು ಒಡಿಶಾದಲ್ಲಿ ತಿಳಿಯಿತು. ಎಸ್ತರ್ ಡುಫ್ಲೊ, ರೆಮಾ ಹನ್ನಾ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನ ಸುಮಾರು 2600 ಮನೆಗಳಲ್ಲಿ, ಹೊಗೆಕೊಳವೆಯ ಮಣ್ಣಿನ ಒಲೆ ಪಡೆದವರನ್ನು ನಾಲ್ಕು ವರ್ಷದವರೆಗೆ ಗಮನಿಸಿದರು. 2016ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಮೊದಲ ವರ್ಷ ಅಡಿಗೆ ಮಾಡುವವರ ದೇಹಕ್ಕೆ ಹೋಗುವ ಹೊಗೆ ಕಡಿಮೆಯಾಯಿತು. ನಂತರ ಆ ಲಾಭ ಉಳಿಯಲಿಲ್ಲ. ಜನ ಒಲೆಯನ್ನು ನಿಯಮವಾಗಿ ಬಳಸಲಿಲ್ಲ, ದುರಸ್ತಿ ಮಾಡಿಸಲಿಲ್ಲ. ಪ್ರಯೋಗಾಲಯದ ನಲವತ್ತು ಭಾಗ ಅಡಿಗೆಮನೆಗೆ ಬರುವಷ್ಟರಲ್ಲಿ ಎಲ್ಲಿ ಕರಗುತ್ತದೆಂಬ ಪ್ರಶ್ನೆಗೆ ಇದು ಒಂದು ಉತ್ತರ.

ಆರೋಗ್ಯದ ದಿಕ್ಕಿನಿಂದಲೂ ಪ್ರಶ್ನೆ ಎದ್ದಿತು. ಕಿರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ 1981ರಲ್ಲಿ ಗುಜರಾತಿನ ಹಳ್ಳಿಗಳಲ್ಲಿ ಹೆಂಗಸರ ಉಸಿರಿನ ಮಟ್ಟದಲ್ಲಿಯೇ ಉಪಕರಣವಿಟ್ಟು ಹೊಗೆಯನ್ನು ಅಳೆದರು. ಅದುವರೆಗೆ ವಾಯುಮಾಲಿನ್ಯವೆಂದರೆ ಕಾರ್ಖಾನೆ, ಮೋಟಾರುಗಳ ವಿಷಯವಾಗಿತ್ತು; ಅಡಿಗೆಮನೆ ಲೆಕ್ಕಕ್ಕೆ ಬಂದದ್ದು ಆಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು. ಹೊಗೆಕೊಳವೆ ಹೊಗೆಯನ್ನು ಅಡಿಗೆಮನೆಯಿಂದ ಬೀದಿಗೆ ಸಾಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಸೌದೆಯ ಒಲೆಯನ್ನು ತಿದ್ದುವುದರ ಬದಲು ಬಡವರಿಗೂ ಅನಿಲ ತಲುಪಿಸುವುದೇ ಸರಿಯೆಂಬ ಅಭಿಪ್ರಾಯಕ್ಕೆ ಸ್ಮಿತ್ ಕೊನೆಗೆ ಬಂದರು. 2016ರಲ್ಲಿ ಆರಂಭವಾದ ಉಜ್ವಲ ಯೋಜನೆ ಆ ದಾರಿಯಲ್ಲಿ ದೊಡ್ಡ ಹೆಜ್ಜೆ.

ಅಸ್ತ್ರ ಒಲೆಯ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಆ ಸಂಶೋಧನೆಯಲ್ಲಿ ಪಾಲುಗೊಂಡಿದ್ದ ಸ್ವಾತಿ ಭೋಗ್ಲೆಯವರು ಮುನ್ನಡೆಸಿದ ‘ಟೈಡ್’ ಸಂಸ್ಥೆ 1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಸಣ್ಣ ಉದ್ದಿಮೆಗಳಿಗೆ ದಕ್ಷ ಒಲೆಗಳನ್ನು ಮಾಡಿ 2008ರಲ್ಲಿ ಇಂಗ್ಲೆಂಡಿನ ಆಶ್ಡೆನ್ ಪ್ರಶಸ್ತಿ ಪಡೆಯಿತು. ಹಳ್ಳಿಯ ಹೆಂಗಸರಿಗೇ ಒಲೆ ಕಟ್ಟುವ ತರಬೇತಿಯನ್ನೂ ಕೊಟ್ಟಿತು. ಕಟ್ಟಿದವಳು ಅದೇ ಊರಿನಲ್ಲಿದ್ದರೆ ಬಿರುಕು ಬಿಟ್ಟಾಗ ಕರೆಯಲು ಒಬ್ಬಳಿರುತ್ತಾಳೆ. ಉಂಗ್ರದ ಕಾಲದಲ್ಲಿ ಅಸ್ತ್ರ ಎಂದಿದ್ದ ಘಟಕವೂ ಈಗ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವೆಂಬ ಹೆಸರಿನಲ್ಲಿ ವಿಜ್ಞಾನ ಸಂಸ್ಥೆಯಲ್ಲಿದೆ. ಅಮೂಲ್ಯ ರೆಡ್ಡಿಯವರು 2006ರಲ್ಲಿ ತೀರಿಕೊಂಡರು.

ತೆಂಗಿನ ಸೀಮೆಯಲ್ಲಿ ಅಡಿಗೆಮನೆಯ ಕಟ್ಟೆಯ ಮೇಲೆ ಈಗ ಅನಿಲದ ಒಲೆಯೇ ಸಾಮಾನ್ಯ. ಮಟ್ಟೆ ನಾರಿನ ಕಾರ್ಖಾನೆಗೆ, ಕರಟ ಇದ್ದಿಲಿಗೆ ಹೋಗುತ್ತದೆ. ಒಂದು ಕಾಲಕ್ಕೆ ಉರುವಲಾಗಿದ್ದದ್ದಕ್ಕೆ ಇಂದು ಬೆಲೆಯಿದೆ. ಆದರೂ ಹಿತ್ತಲಿನ ಬಚ್ಚಲೊಲೆ ಆರಿಲ್ಲ. ದೀಪಾವಳಿಗೆ ಮುಂಚಿನ ನೀರು ತುಂಬುವ ಹಬ್ಬದಂದು ಹಂಡೆಯನ್ನು ತಿಕ್ಕಿ ಬೆಳಗಿ, ಕೊರಳಿಗೆ ಹೂವು ಸುತ್ತಿ, ಮರುದಿನ ನಸುಕಿಗೆ ಅದರ ಕೆಳಗೆ ಬೆಂಕಿ ಹಾಕುವ ಮನೆಗಳು ಇನ್ನೂ ಬೇಕಾದಷ್ಟಿವೆ. ಆ ಬೆಂಕಿಗೆ ಬೀಳುವುದು ಯಾರೂ ಕೊಳ್ಳದ ಗರಿಯ ದಿಂಡು. ಬಚ್ಚಲ ಗವಾಕ್ಷಿಯಿಂದ ಹೊಗೆ ಮೊದಲಿನಂತೆಯೇ ಹೊರಬೀಳುತ್ತದೆ, ಅದರ ಮುಂದೆ ಕೂತು ಊದುವವಳೂ ಮೊದಲಿನವಳೇ.